ಬಾಯಿ ಮುಚ್ಚಿದ ಅಪರಾಧ

ನಮ್ಮ ಮನೆಗಳಲ್ಲಿ ಸೊಸೆಗೆ, ಶಾಲೆಗೆ ಹೋಗುವ ಮಗನಿಗೆ, ರಿಟೈರಾದ ಮಾವನಿಗೆ, ಕಡೆಗೆ ಟಿವಿಯೊಳಗೆ ಕಿರುಚುವ ಚರ್ಚಾಪಟುವಿಗೂ ದಿನಕ್ಕೊಮ್ಮೆಯಾದರೂ ಯಾರಾದರೂ ‘ಬಾಯಿ ಮುಚ್ಚು’ ಎಂದು ಹೇಳಿಯೇ ಹೇಳುತ್ತಾರೆ. ಹಾಗೆ ಹೇಳಿಸಿಕೊಳ್ಳದ ಜೀವ ಒಂದೇ ಒಂದು: ಎಂಟು ತಿಂಗಳ ಕೂಸು. ಅದಕ್ಕೆ ಮಾತ್ರ ಬೆಳಗಿನಿಂದ ರಾತ್ರಿಯವರೆಗೆ ‘ಬಾಯಿ ಬಿಡು’ ಎಂಬ ಆಜ್ಞೆ. ಅದು ಬಿಡುವುದಿಲ್ಲ. ಉಳಿದವರು ಯಾರೂ ಪಾಲಿಸದ ಉಪದೇಶವನ್ನು ಯಾರೂ ಹೇಳದೆಯೇ ಪಾಲಿಸುವ ಏಕೈಕ ಸದಸ್ಯೆ ಅದು. ಶಿಕ್ಷೆಯೂ ಅದಕ್ಕೇ.

ಮೊದಲು ಹೀಗಿರಲಿಲ್ಲ. ಆರು ತಿಂಗಳು ತುಂಬಿದ ಕೂಡಲೇ ಹೊರನಾಡಿಗೆ ಕಾರು ಮಾಡಿಕೊಂಡು ಹೋಗಿ ಅನ್ನಪ್ರಾಶನ ಮುಗಿಸಿಕೊಂಡು ಬಂದಾಗ ಎಲ್ಲವೂ ಸುಸೂತ್ರ. ಬೆಳ್ಳಿ ಬಟ್ಟಲು, ಬೆಳ್ಳಿ ಚಮಚ, ಜರಿ ಲಂಗ. ಪಾಯಸದ ತೊಟ್ಟು ತುಟಿಗೆ ತಾಗಿದಾಗ ಕೂಸು ಮುಖ ಕಿವುಚಿತು. ಫೋಟೋದ ಕೆಳಗೆ ‘ನಗ್ತಿದ್ದಾಳೆ ನೋಡಿ’ ಎಂದು ಬರೆಯಲಾಯಿತು. ಮುಂದಿನ ಕೆಲವು ವಾರ ಕೊಟ್ಟದ್ದನ್ನೆಲ್ಲ ಚಪ್ಪರಿಸಿತು. ‘ನಮ್ಮ ಮಗು ಏನು ಕೊಟ್ರೂ ತಿನ್ನತ್ತೆ’ ಎಂದು ಅಮ್ಮ ನಾಲ್ಕು ಜನರೆದುರು ಅಂದುಬಿಟ್ಟಳು. ಆಮೇಲೆ ಒಂದು ದಿನ ಕೂಸು ಚಮಚ ನೋಡಿತು, ಅಮ್ಮನನ್ನು ನೋಡಿತು, ತುಟಿ ಬಿಗಿ ಹಿಡಿದು ಮುಖ ತಿರುಗಿಸಿತು. ಇನ್ನೊಮ್ಮೆ ಒಡ್ಡಿದಾಗ ಕೈ ಬೀಸಿತು. ರಾಗಿ ಸರಿ ಗೋಡೆಯ ಕ್ಯಾಲೆಂಡರಿನ ಮೇಲೆ ಏಕಾದಶಿಯ ಮನೆಗೆ ಹೋಗಿ ಕೂತಿತು.

ಅಲ್ಲಿಂದ ಮನೆ ತನಿಖಾ ಆಯೋಗವಾಯಿತು.

ಹಾಸನದ ಅಜ್ಜಿಯದು ಮೊದಲ ವರದಿ: ದೃಷ್ಟಿ. “ಫೋಟೋನ ಸ್ಟೇಟಸ್‌ಗೆ ಹಾಕ್ಬೇಡ್ರೋ ಅಂತ ಬಡ್ಕೊಂಡೆ.” ಉಪ್ಪು, ಒಣಮೆಣಸಿನಕಾಯಿ, ಪೊರಕೆ ಕಡ್ಡಿ ನಿವಾಳಿಸಿ ಒಲೆಗೆ ಹಾಕೋಣವೆಂದರೆ ಒಲೆ ಇಂಡಕ್ಷನ್. ಬಾಲ್ಕನಿಯಲ್ಲಿ ಕರ್ಪೂರ ಹಚ್ಚಿ ಸುಟ್ಟರು. ಪಕ್ಕದ ಫ್ಲ್ಯಾಟಿನವರು ಕೆಮ್ಮಿದರು. ದೃಷ್ಟಿ ಯಾರದೆಂಬುದು ಅಲ್ಲಿಗೆ ಸಾಬೀತಾಯಿತು. ಪುತ್ತೂರಿನಿಂದ ಬಂದಿದ್ದ ಬೀಗಿತ್ತಿಗೆ ಈ ವರದಿ ಒಪ್ಪಿಗೆಯಿಲ್ಲ. “ನಮ್ಮಲ್ಲಿ ರಾಗಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ ಮಣ್ಣಿ ಮಾಡುದು. ಇಷ್ಟು ದಪ್ಪ ಇದ್ರೆ ಮಗು ಹೇಗೆ ನುಂಗುದು ಮಾರಾಯ್ರೆ?” ಎಂದು ಪ್ರಶ್ನೆ ಮಗುವಿನ ಗಂಟಲಿನದ್ದಲ್ಲ, ಗಂಡಿನ ಕಡೆಯವರ ಅಡುಗೆಯದ್ದು ಎಂಬುದನ್ನು ಸ್ಪಷ್ಟಪಡಿಸಿದರು. ಹುಬ್ಬಳ್ಳಿಗೆ ಕೊಟ್ಟು ಆ ಊರಿನವಳೇ ಆಗಿಹೋಗಿರುವ ಸೋದರತ್ತೆಯಿಂದ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶ: “ಹೊಟ್ಟ್ಯಾಗ ವಾಯು ಹಿಡದೈತಿ, ಹೊಕ್ಕಳ ಸುತ್ತ ಇಂಗು ಹಚ್ರಿ.” ಅಪ್ಪ ಮಾತಾಡಲಿಲ್ಲ. ಅವನು ಐಟಿಯವನು, ಒಂದು ಆ್ಯಪ್ ಇಳಿಸಿಕೊಂಡು, ಕೂಸು ನುಂಗಿದ್ದೆಷ್ಟು, ಉಗುಳಿದ್ದೆಷ್ಟು ಎಂದು ಮಿಲಿಲೀಟರಿನಲ್ಲಿ ತುಂಬತೊಡಗಿದ. ತುಂಬುವವನು ಅವನು, ತಿನ್ನಿಸುವವಳು ಅಮ್ಮ. ಸಂಜೆ ಗ್ರಾಫ್ ಕೆಂಪಾದರೆ ಅವಳನ್ನು ಕರೆದು ತೋರಿಸುತ್ತಾನೆ.

ಆಯೋಗದ ಎಲ್ಲ ಸದಸ್ಯರ ನಡುವೆ ಒಮ್ಮತವಿದ್ದದ್ದು ಒಂದೇ ಅಂಶದಲ್ಲಿ. ತಾಯಿಗೆ ತಿನ್ನಿಸಲು ಬರುವುದಿಲ್ಲ.

ಕೂಸಿಗೆ ಹೊಟ್ಟೆ ತುಂಬಿರಬಹುದು ಎಂಬ ಸಾಧ್ಯತೆಯನ್ನು ಯಾವ ವರದಿಯೂ ಪರಿಶೀಲಿಸಲಿಲ್ಲ. ಎಂಟು ಕಿಲೋ ತೂಗುವ ಮಗುವಿನ ಹೊಟ್ಟೆ ಹಿಡಿಸುವುದು ಹೆಚ್ಚೆಂದರೆ 240 ಮಿ.ಲೀ., ಅಂದರೆ ಕಿಲೋಗೆ ಮೂವತ್ತರಂತೆ. ಎದೆಹಾಲು ಕುಡಿಯುತ್ತಿರುವ ಆ ವಯಸ್ಸಿನ ಕೂಸಿಗೆ ಹೊರಗಿನ ಆಹಾರದಿಂದ ದಿನವಿಡೀ ಬೇಕಾದದ್ದು ಸುಮಾರು 200 ಕ್ಯಾಲರಿ. ಒಂಬತ್ತು ತಿಂಗಳಾದ ಮೇಲೆ 300. ಇದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಮನೆಯ ಲೆಕ್ಕ ಬೇರೆ. ಅಲ್ಲಿ ಅಳತೆಗೆ ಬಳಸುವುದು ಅಜ್ಜ ಸಾರು ಹಾಕಿಸಿಕೊಳ್ಳುವ ಸ್ಟೀಲ್ ಬಟ್ಟಲು. ಅದು ತುಂಬಿದ್ದರೆ ಊಟ, ಖಾಲಿಯಾದರೆ ಆರೋಗ್ಯ, ಅರ್ಧ ಉಳಿದರೆ ‘ಏನೂ ತಿಂದಿಲ್ಲ’. ನಮ್ಮ ಭಾಷೆಯಲ್ಲಿ ‘ಏನೂ’ ಎಂಬುದು ಸುಮಾರು 120 ಮಿ.ಲೀ.

ಇನ್ನು ಬೆಳವಣಿಗೆ. ಹುಟ್ಟಿದಾಗಿನ ತೂಕ ಐದು ತಿಂಗಳ ಹೊತ್ತಿಗೆ ಎರಡರಷ್ಟಾಗುತ್ತದೆ, ವರ್ಷಕ್ಕೆ ಮೂರರಷ್ಟು, ಎರಡನೆಯ ವರ್ಷಕ್ಕೆ ನಾಲ್ಕರಷ್ಟು. ಮೊದಮೊದಲು ದಿನಕ್ಕೆ 25–30 ಗ್ರಾಂ ಏರುತ್ತಿದ್ದ ತೂಕ ವರ್ಷ ತುಂಬುವಾಗ ದಿನಕ್ಕೆ ಹತ್ತು ಗ್ರಾಮಿನ ಆಸುಪಾಸಿಗೆ ಇಳಿದಿರುತ್ತದೆ. ವೇಗ ತಗ್ಗಿದಾಗ ಹಸಿವೂ ತಗ್ಗುತ್ತದೆ. ತಗ್ಗಬಾರದು ಎಂದು ಹಟ ಹಿಡಿಯುವ ಅಜ್ಜಿಯಂದಿರು ಒಂದು ಲೆಕ್ಕ ಮಾಡಿ ನೋಡಬೇಕು: ಮೂರು ಕಿಲೋ ಇದ್ದ ಕೂಸು ಐದೈದು ತಿಂಗಳಿಗೆ ದುಪ್ಪಟ್ಟಾಗುತ್ತಲೇ ಹೋದರೆ ಐದನೆಯ ಹುಟ್ಟುಹಬ್ಬಕ್ಕೆ ಅದರ ತೂಕ ಹನ್ನೆರಡು ಟನ್ ದಾಟುತ್ತದೆ. ದಸರೆಯಲ್ಲಿ ಅಂಬಾರಿ ಹೊರುವ ಆನೆ ಎರಡನ್ನು ಒಟ್ಟಿಗೆ ತೂಗಿದರೂ ಅಷ್ಟಾಗದು. ಕೇಕು ಕತ್ತರಿಸಲು ಅರಮನೆ ಮೈದಾನವನ್ನೇ ಬುಕ್ ಮಾಡಬೇಕಾದೀತು.

ಡಾಕ್ಟರ ಬಳಿ ಹೋದರೆ ಅವರು ಚಾರ್ಟ್ ತೆಗೆಯುತ್ತಾರೆ. 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊರತಂದ ಆ ಗೆರೆಗಳ ಚಾರ್ಟಿನಲ್ಲಿ ಕೂಸು ಐವತ್ತನೆಯ ಪರ್ಸೆಂಟೈಲಿನಲ್ಲಿದೆ ಎಂದರೆ ಅದರ ಓರಗೆಯ ಆರೋಗ್ಯವಂತ ಮಕ್ಕಳಲ್ಲಿ ಅರ್ಧ ಇದಕ್ಕಿಂತ ಹಗುರ, ಅರ್ಧ ಭಾರ. ಹದಿನೈದರಲ್ಲಿದ್ದರೂ, ತನ್ನ ಗೆರೆಯ ಜಾಡು ಬಿಡದೆ ಏರುತ್ತಿದ್ದರೆ ಚಿಂತೆಯಿಲ್ಲ. ಆದರೆ ಬೆಂಗಳೂರಿನ ಅಪ್ಪನಿಗೆ ಪರ್ಸೆಂಟೈಲ್ ಎಂಬ ಪದ ಪ್ರವೇಶ ಪರೀಕ್ಷೆಗಳ ಕಾಲದಿಂದ ಪರಿಚಯ. “ಐವತ್ತಾ ಡಾಕ್ಟ್ರೇ?” ಎಂದು ಅವನ ಮುಖ ಕಪ್ಪಿಟ್ಟಿತು. ಐವತ್ತಕ್ಕೆ ಯಾವ ಕಾಲೇಜು ಸಿಗುತ್ತದೆ? “ಎದುರು ಬ್ಲಾಕಿನ ಮಗು ತೊಂಬತ್ತೇಳಂತೆ.” ಮನೆಗೆ ಬಂದವನೇ ಕೋಚಿಂಗ್ ಶುರುಮಾಡಿದ. ಬೆಳಗ್ಗೆ ಒಂದು ಬ್ಯಾಚು, ಮಧ್ಯಾಹ್ನ ಒಂದು, ರಾತ್ರಿ ರಿವಿಷನ್.

ತಿನ್ನಿಸುವ ವಿಧಾನಗಳ ಬಗ್ಗೆ ನಮ್ಮ ಪರಂಪರೆ ಶ್ರೀಮಂತವಾದದ್ದು. ಹಿಂದೆ ಒಳಲೆ ಇತ್ತು. ಕಾಲು ನೀಡಿ ಕೂತು, ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ, ಮೂಗು ಹಿಡಿದು, ಉಸಿರಿಗೆಂದು ಅದು ಬಾಯಿ ತೆರೆದ ಕ್ಷಣ ಒಳಲೆಯ ಮೂತಿಯಿಂದ ಸುರಿದರೆ ಮುಗಿಯಿತು. ಸುರಿದದ್ದು ಹೊಟ್ಟೆಗೆ ಹೋಯಿತೋ ಶ್ವಾಸಕೋಶಕ್ಕೆ ಹೋಯಿತೋ ಎಂಬುದು ಆಮೇಲಿನ ಮಾತು, ಬಟ್ಟಲಂತೂ ಖಾಲಿ. “ನಿಮ್ಮನ್ನೆಲ್ಲ ಹಾಗೇ ಬೆಳೆಸಿದ್ದು” ಎಂದು ಅಜ್ಜಿ ಹೇಳುವಾಗ ಎದುರಿಗೆ ಕೂತು ಕೇಳುತ್ತಿರುವವರು ಬದುಕುಳಿದವರು ಮಾತ್ರ. ಆದ್ದರಿಂದ ಎದುರು ಸಾಕ್ಷಿ ಸಿಗುವುದಿಲ್ಲ.

ಒಳಲೆ ಶೋಕೇಸಿಗೆ ಹೋದ ಮೇಲೆ ಆ ಜಾಗಕ್ಕೆ ಮೊಬೈಲು ಬಂತು. ಚಂದಮಾಮನನ್ನು ತೋರಿಸೋಣವೆಂದರೆ ಎದುರಿನ ಟವರು ಅಡ್ಡ. ಕಾಗೆ ಗುಬ್ಬಿ ಕರೆಯೋಣವೆಂದರೆ ಬಾಲ್ಕನಿಗೆ ಪಾರಿವಾಳದ ಬಲೆ. ಹಾಗಾಗಿ ಪರದೆಯ ಮೇಲೆ ಹಸಿರು ಬಣ್ಣದ ಆನೆ ಕುಣಿಯುತ್ತದೆ, ಕೂಸಿನ ಕಣ್ಣು ಕೀಲಿಸುತ್ತದೆ, ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ. ಒಂದು, ಎರಡು, ಹತ್ತು ಚಮಚ. ತಾನು ತಿನ್ನುತ್ತಿದ್ದೇನೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಸಾಕು ಎಂದು ಹೇಳುವ ಹೊಟ್ಟೆಯ ಮಾತು ತಲೆಗೆ ತಲುಪುವ ಮೊದಲೇ ಮುಂದಿನ ಹಾಡು. ಎರಡು ವರ್ಷದೊಳಗಿನ ಮಕ್ಕಳಿಗೆ ಪರದೆಯೇ ಬೇಡವೆಂದು ಭಾರತೀಯ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೇಳಿತು. ಆ ಸಲಹೆಯನ್ನು ಅಪ್ಪ ಓದಿದ್ದ, ಗ್ರೂಪಿಗೆ ಫಾರ್ವರ್ಡ್ ಕೂಡ ಮಾಡಿದ್ದ. ಮಾಡುವಾಗ ಆನೆಯ ಹಾಡನ್ನು ಒಂದು ನಿಮಿಷ ನಿಲ್ಲಿಸಬೇಕಾಯಿತು, ಕೂಸು ಅಳತೊಡಗಿತು.

ಅದಕ್ಕೂ ಬಗ್ಗದಿದ್ದರೆ ಮೆಡಿಕಲ್ ಶಾಪು. “ಹಸಿವಾಗೋಕೆ ಒಂದು ಟಾನಿಕ್ ಕೊಡಿ” ಎಂದು ಕೇಳಿದರೆ ಕೊಡುವ ಬಾಟಲಿಯೊಳಗೆ ಹಲವು ಸಲ ಇರುವುದು ಸೈಪ್ರೊಹೆಪ್ಟಡೀನ್. ಹುಟ್ಟಿದ್ದು ಅಲರ್ಜಿಗೆ. ಹಸಿವು ಹೆಚ್ಚಿಸುವುದು ಅದರ ಅಡ್ಡಪರಿಣಾಮ, ತೂಕಡಿಕೆ ಮತ್ತೊಂದು. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಸಲ್ಲದು. ಆದರೂ ಒಂದು ಬಾಟಲಿಯಲ್ಲಿ ಊಟವೂ ನಿದ್ದೆಯೂ ಸಿಗುವುದಾದರೆ ಬಾಟಲಿಯ ಹಿಂದಿನ ಸಣ್ಣಕ್ಷರ ಓದುವವರು ಯಾರು? ಪಕ್ಕದಲ್ಲೇ ಜೇನುತುಪ್ಪ. ವರ್ಷ ತುಂಬದ ಕೂಸಿಗೆ ಜೇನು ಕೊಟ್ಟರೆ ಬಾಟ್ಯುಲಿಸಂ ಎಂಬ ಅಪಾಯವುಂಟು ಎಂದು ಡಾಕ್ಟರು ಹೇಳಿದ್ದರು. “ಅವ್ರಿಗೇನು ಗೊತ್ತು, ಶುದ್ಧ ಕೊಡಗಿನ ಜೇನು” ಎಂದು ಅಜ್ಜಿ ಬ್ಯಾಕ್ಟೀರಿಯಾಕ್ಕೆ ಊರಿನ ಸರ್ಟಿಫಿಕೇಟ್ ಕೊಟ್ಟರು.

ಡಬ್ಬಿಯ ಆಹಾರದ ಕಥೆ ಇನ್ನೂ ಸ್ವಾರಸ್ಯ. 1992ರ ಕಾಯ್ದೆಯೊಂದಿದೆ. ಎರಡು ವರ್ಷದೊಳಗಿನ ಕೂಸುಗಳ ಹಾಲಿನಪುಡಿ, ಹಾಲಿನ ಬಾಟಲಿ, ಡಬ್ಬಿ ಆಹಾರ ಯಾವುದಕ್ಕೂ ಜಾಹೀರಾತು ಕೊಡುವಂತಿಲ್ಲ; 2003ರ ತಿದ್ದುಪಡಿಯಲ್ಲಿ ಅದು ಇನ್ನೂ ಬಿಗಿಯಾಯಿತು. ಕಾಯ್ದೆ ಮಾಡಿದವರ ಕಣ್ಣಿನಲ್ಲಿದ್ದದ್ದು ಟಿವಿ, ಪತ್ರಿಕೆ, ಆಸ್ಪತ್ರೆಯ ಗೋಡೆ. ಈಗ ಬಿಳಿ ಸೋಫಾದ ಮೇಲೆ ಬಿಳಿ ಬಟ್ಟೆಯ ತಾಯಿಯೊಬ್ಬಳು ಬಿಳಿ ಬಟ್ಟೆಯ ಕೂಸಿಗೆ ತಿನ್ನಿಸುತ್ತಾಳೆ, ಎಲ್ಲೂ ಒಂದು ಹನಿ ಚೆಲ್ಲುವುದಿಲ್ಲ, ಕೊನೆಗೆ ‘ನಾನು ಬಳಸೋದು ಇದನ್ನೇ’ ಎಂದು ಡಬ್ಬಿ ತೋರಿಸುತ್ತಾಳೆ. ಇದು ಜಾಹೀರಾತಲ್ಲ, ವಾತ್ಸಲ್ಯ. 2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ಪಬ್ಲಿಕ್ ಐ ಎಂಬ ಸಂಸ್ಥೆ ಒಂದು ವರದಿ ಕೊಟ್ಟಿತು: ಬಹುರಾಷ್ಟ್ರೀಯ ಕಂಪನಿಯೊಂದು ಯುರೋಪಿನ ಕೂಸುಗಳಿಗೆ ಸಕ್ಕರೆ ಸೇರಿಸದೆ ಮಾರುವ ಅದೇ ಬಗೆಯ ಧಾನ್ಯದ ಪುಡಿಗೆ ಭಾರತದಲ್ಲಿ ಒಂದು ಹೊತ್ತಿನ ಪಾಲಿಗೆ ಸರಾಸರಿ 2.7 ಗ್ರಾಂ ಸಕ್ಕರೆ ಬೆರೆತಿತ್ತು. ಇದರಲ್ಲಿ ಕೋಪಿಸಿಕೊಳ್ಳುವುದೇನಿದೆ? ಮದುವೆಮನೆಯಲ್ಲಿ ಇನ್ನೊಂದು ಹೋಳಿಗೆ ಬಲವಂತ ಮಾಡಿ ಹಾಕುವ ನಮ್ಮ ಸಂಸ್ಕೃತಿಯನ್ನು ಆ ಕಂಪನಿ ಅರ್ಥ ಮಾಡಿಕೊಂಡಿದೆ, ಅಷ್ಟೆ.

ನಮ್ಮಲ್ಲೇ ಇದ್ದ ಜಾಣತನ ಮಾತ್ರ ಪ್ಯಾಕೆಟ್ಟಿನಲ್ಲಿ ಬಂದರೆ ಒಪ್ಪಿಗೆ. ಅಜ್ಜಿಯಂದಿರು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು, ಬೀಸಿ, ತೆಳುಬಟ್ಟೆಯಲ್ಲಿ ಜಾಲಿಸುತ್ತಿದ್ದರಲ್ಲ, ಅದು ಬರೀ ಸಂಪ್ರದಾಯವಲ್ಲ. ಮೊಳಕೆ ಬಂದ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟಿ ಪಿಷ್ಟವನ್ನು ಒಡೆಯುತ್ತದೆ, ಸರಿ ಅಂಟಂಟಾಗುವುದಿಲ್ಲ. ಮೊಳಕೆ ಕಟ್ಟದ ಹಿಟ್ಟಾದರೆ ಬೇಗ ಗಟ್ಟಿಯಾಗುತ್ತದೆ, ತೆಳು ಮಾಡಲು ನೀರು ಹೊಯ್ಯಬೇಕು, ಹೊಯ್ದಷ್ಟೂ ಸತ್ವ ಕಡಿಮೆ, ಕೂಸಿನ ಪುಟ್ಟ ಹೊಟ್ಟೆ ನೀರಿನಲ್ಲೇ ತುಂಬುತ್ತದೆ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮಲ್ಲೇಶಿ ಮತ್ತು ದೇಶಿಕಾಚಾರ್ 1980ರ ದಶಕದ ಆರಂಭದಲ್ಲೇ ಮೊಳಕೆ ರಾಗಿ, ಮೊಳಕೆ ಹೆಸರುಕಾಳು ಬೆರೆಸಿ ಇಂಥ ಆಹಾರ ರೂಪಿಸಿ ಪ್ರಕಟಿಸಿದರು. ಪುತ್ತೂರಿನ ಬೀಗಿತ್ತಿಯ ‘ದಪ್ಪ’ದ ಆಕ್ಷೇಪದಲ್ಲಿ ಹುರುಳಿತ್ತು ಅನ್ನಿ, ಹಾಸನದ ಅಜ್ಜಿ ಬೀಸುಕಲ್ಲು ಮಾರಿದ ಮೇಲೆ ಮೊಳಕೆ ಕಟ್ಟುವುದನ್ನೂ ಬಿಟ್ಟಿದ್ದರು. ಆದರೆ ಬೀಗಿತ್ತಿ ಹೇಳಿದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ಕೂಸು ಉಪವಾಸ ಇರುವುದು ಮೇಲು. ಆದ್ದರಿಂದ ‘ಸ್ಪ್ರೌಟೆಡ್ ರಾಗಿ’ ಎಂದು ಬರೆದ ಪ್ಯಾಕೆಟ್ಟನ್ನು ಸಂತೆಯ ರಾಗಿಯ ಹಲವು ಪಟ್ಟು ಬೆಲೆ ತೆತ್ತು ಹತ್ತು ನಿಮಿಷದಲ್ಲಿ ತರಿಸಲಾಯಿತು. ತಂದುಕೊಟ್ಟ ಹುಡುಗ ಮಂಡ್ಯದವನು. ರಾಗಿಮುದ್ದೆ ಬೇರೆ, ಇದು ಬೇರೆಯೇನೋ ಎಂದುಕೊಂಡು ಹೋದ.

ಆಯ್ಕೆಯನ್ನು ಕೂಸಿಗೇ ಬಿಟ್ಟು ನೋಡಿದವರೂ ಇದ್ದಾರೆ. ಶಿಕಾಗೊದಲ್ಲಿ ಕ್ಲಾರಾ ಡೇವಿಸ್ ಎಂಬ ಮಕ್ಕಳ ವೈದ್ಯೆಯಿದ್ದರು. ಕಳೆದ ಶತಮಾನದ ಇಪ್ಪತ್ತು–ಮೂವತ್ತರ ದಶಕಗಳಲ್ಲಿ, ಆಗಷ್ಟೇ ಎದೆಹಾಲು ಬಿಡುತ್ತಿದ್ದ ಹದಿನೈದು ಕೂಸುಗಳ ಮುಂದೆ ತಟ್ಟೆಗಳನ್ನಿಟ್ಟು ನೋಡಿದರು. ಪಟ್ಟಿಯಲ್ಲಿ ಒಟ್ಟು 34 ಆಹಾರ; ಸಕ್ಕರೆಯಿಲ್ಲ, ಡಬ್ಬಿಯದ್ದಿಲ್ಲ. ದಾದಿಗೆ ಕಟ್ಟಪ್ಪಣೆ ಏನೆಂದರೆ ಚಮಚ ಹಿಡಿದು ಸುಮ್ಮನೆ ಕೂರುವುದು. ಮಗು ಯಾವುದಕ್ಕೆ ಕೈ ಚಾಚುತ್ತದೋ ಅದನ್ನು ಕೊಡುವುದು. ತಿಂದರೆ ಭೇಷ್ ಎನ್ನುವಂತಿಲ್ಲ, ಬಿಟ್ಟರೆ ಛೆ ಎನ್ನುವಂತಿಲ್ಲ. ಒಂದು ಕೂಸಿನ ಬೆಳಗಿನ ತಿಂಡಿ ಕಿತ್ತಳೆ ರಸ ಮತ್ತು ಈಲಿ. ಇನ್ನೊಂದರ ರಾತ್ರಿಯೂಟ ಮೊಟ್ಟೆ, ಬಾಳೆಹಣ್ಣು, ಹಾಲು. ರಿಕೆಟ್ಸ್ ಇದ್ದ ಒಂದು ಕೂಸು ಮೂಳೆ ಸರಿಹೋಗುವತನಕ ಕಾಡ್ ಮೀನಿನ ಎಣ್ಣೆಯನ್ನು ತಾನಾಗಿ ಕುಡಿಯಿತು. ಎಲ್ಲವೂ ಚೆನ್ನಾಗಿ ಬೆಳೆದವು. ಗುಟ್ಟು ಇದ್ದದ್ದು ಪಟ್ಟಿಯಲ್ಲೇ, ಅದರೊಳಗೆ ಕೆಟ್ಟದ್ದೇನೂ ಇರಲಿಲ್ಲ ಎಂಬುದನ್ನು ಡೇವಿಸ್ ಮುಚ್ಚಿಡಲಿಲ್ಲ. ಬಡಿಸುವುದು ದೊಡ್ಡವರ ಕೆಲಸ, ಎಷ್ಟು ಎಂಬುದು ಕೂಸಿನದು.

ಈ ಪ್ರಯೋಗವನ್ನು ನಮ್ಮಲ್ಲಿ ಮಾಡಲು ಸಾಧ್ಯವೇ ಇಲ್ಲ. ಕೂಸುಗಳು ಸಿಗುತ್ತವೆ, ಮೂವತ್ನಾಲ್ಕು ಬಗೆಯೂ ಸಿಗುತ್ತದೆ. ಚಮಚ ಹಿಡಿದು ಸುಮ್ಮನೆ ಕೂರುವವರು ಸಿಗುವುದಿಲ್ಲ.

ಸುಮ್ಮನೆ ಕೂತಿದ್ದರೆ ಗೊತ್ತಾಗುತ್ತಿತ್ತು. ಎಂಟೊಂಬತ್ತು ತಿಂಗಳಿಗೆ ಹೆಬ್ಬೆರಳು, ತೋರುಬೆರಳು ಸೇರಿಸಿ ಹಿಡಿಯುವುದನ್ನು ಕೂಸು ಕಲಿಯುತ್ತದೆ. ನೆಲದ ಮೇಲಿನ ಇರುವೆಯನ್ನೂ ಬಿಡದೆ ಬಾಯಿಗಿಡುವ ಆ ಜೀವಕ್ಕೆ ‘ತಿನ್ನುವುದಿಲ್ಲ’ ಎಂಬ ಆರೋಪ! ಅದಕ್ಕೆ ಬೇಡವಾದದ್ದು ಊಟವಲ್ಲ, ಚಮಚ. ಮೆತ್ತಗೆ ಬೆಂದ ಕ್ಯಾರೆಟ್ಟು, ಇಡ್ಲಿಯ ಚೂರು, ಮಾಗಿದ ಬಾಳೆಹಣ್ಣು ಮುಂದಿಟ್ಟರೆ ಹಿಚುಕುತ್ತದೆ, ಮೂಸುತ್ತದೆ, ಕೂದಲಿಗೆ ಹಚ್ಚಿಕೊಳ್ಳುತ್ತದೆ, ಅರ್ಧ ಎಸೆಯುತ್ತದೆ, ಕಾಲು ಭಾಗ ತಿನ್ನುತ್ತದೆ. ಹೊಸ ರುಚಿಯೊಂದು ಒಗ್ಗಲು ಎಂಟು ಹತ್ತು ಸಲ, ಕೆಲವೊಮ್ಮೆ ಇನ್ನೂ ಹೆಚ್ಚು ಸಲ ಎದುರಿಗೆ ಬರಬೇಕು ಎಂಬುದನ್ನು ಲಿಯಾನ್ ಬರ್ಚ್ ಮತ್ತವರ ಜೊತೆಗಾರರು ಅಮೆರಿಕದಲ್ಲಿ ವರ್ಷಗಟ್ಟಲೆ ಅಧ್ಯಯನ ಮಾಡಿ ತೋರಿಸಿದ್ದಾರೆ. ನಮ್ಮ ತಾಳ್ಮೆ ಮೂರನೆಯ ಸಲಕ್ಕೇ ಮುಗಿದು ‘ಇವಳಿಗೆ ಕುಂಬಳಕಾಯಿ ಆಗಲ್ಲ’ ಎಂಬ ತೀರ್ಪು ಹೊರಬೀಳುತ್ತದೆ, ಮೇಲ್ಮನವಿಗೆ ಅವಕಾಶವಿಲ್ಲ. ಇನ್ನು ನೆಲ ಒರೆಸುವವರು ಯಾರು? ಹೊಸ ಟೈಲ್ಸು. ಹಲ್ಲು ಬರುತ್ತಿದ್ದರೆ, ಮೂಗು ಕಟ್ಟಿದ್ದರೆ ನಾಲ್ಕು ದಿನ ತಿನ್ನುವುದು ಕಡಿಮೆಯಾದೀತು ಎಂದು ಕಾಯಲೂ ಯಾರಿಗೂ ಪುರುಸೊತ್ತಿಲ್ಲ. ತೂಕವೇ ಇಳಿಯುತ್ತಿದ್ದರೆ, ನುಂಗಲು ಕಷ್ಟಪಡುತ್ತಿದ್ದರೆ, ಕೂಸು ಮಂಕಾಗಿದ್ದರೆ ಅದು ಬೇರೆ ಮಾತು, ಆಗ ಓಡಬೇಕು. ಆದರೆ ಮನೆಯೆಲ್ಲ ಅಂಬೆಗಾಲಿಕ್ಕಿ ಚಾರ್ಜರಿನ ವೈರು ಕಿತ್ತು ಓಡುವ ಕೂಸಿಗೆ ‘ನಿಶ್ಶಕ್ತಿ’ ಎನ್ನುತ್ತಾರಲ್ಲ, ಹೇಳುವವರ ಮಂಡಿಗೆ ಅದರ ಹಿಂದೆ ಓಡುವ ಶಕ್ತಿ ಇರುವುದಿಲ್ಲ.

ಇದೆಲ್ಲ ಬಟ್ಟಲು ತುಂಬಿರುವ ಮನೆಗಳ ರಾಮಾಯಣ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ (2019–21) ಪ್ರಕಾರ ದೇಶದಲ್ಲಿ ಆರರಿಂದ ಇಪ್ಪತ್ಮೂರು ತಿಂಗಳ ಮಕ್ಕಳಲ್ಲಿ ಸಾಕಷ್ಟು ಬಗೆಯ, ಸಾಕಷ್ಟು ಸಲದ ಊಟ ಸಿಗುವುದು ಶೇ 11ರಷ್ಟಕ್ಕೆ ಮಾತ್ರ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 67ರಷ್ಟಕ್ಕೆ ರಕ್ತಹೀನತೆ. ಆ ಕೂಸುಗಳು ಬಾಯಿ ತೆರೆದೇ ಇವೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಶುರುವಾದಾಗ ನಮ್ಮ ರಾಜ್ಯದ ಪಾಲಿಗೆ ಬಂದದ್ದು ಟಿ. ನರಸೀಪುರ. ಅರ್ಧ ಶತಮಾನ ಕಳೆಯಿತು. ಮೆನು ಬಗ್ಗೆ ತಕರಾರು ತೆಗೆಯುವವರು ಮಾತ್ರ ಮಕ್ಕಳಲ್ಲ: 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಶಾಲಾಮಕ್ಕಳ ತಟ್ಟೆಗೆ ಮೊಟ್ಟೆ ಬಂದಾಗ ಮುಖ ತಿರುಗಿಸಿದವರಲ್ಲಿ ಮಠಾಧೀಶರಿದ್ದರು. ಬೇಡದವರಿಗೆ ಬಾಳೆಹಣ್ಣು ಇತ್ತು. ತಟ್ಟೆ ಅವರದಾಗಿರಲಿಲ್ಲ ಎಂಬುದಷ್ಟೇ ತೊಡಕು.

ಮನೆಯೊಳಗೂ ಹಾಗೆಯೇ. ಕೂಸು ಆಯ್ದು ತಿನ್ನುತ್ತದೆ ಎಂದು ದೂರುವ ಅಜ್ಜ ಅರವತ್ತು ವರ್ಷದಿಂದ ಬದನೆಕಾಯಿ ಮುಟ್ಟಿಲ್ಲ. ಅಪ್ಪ ಉಪ್ಪಿಟ್ಟಿನಿಂದ ಕರಿಬೇವು, ಶುಂಠಿ, ಈರುಳ್ಳಿ ಆರಿಸಿ ತಟ್ಟೆಯಂಚಿಗೆ ಮೆರವಣಿಗೆ ನಿಲ್ಲಿಸುತ್ತಾನೆ. ಅವರ ಮೂಗು ಯಾರೂ ಹಿಡಿಯುವುದಿಲ್ಲ. ಈಗ ‘ಇನ್ನೊಂದು ತುತ್ತು ಚಿನ್ನ’ ಎನ್ನುವ ಸೋದರತ್ತೆ ಇದೇ ಕೂಸಿಗೆ ಹದಿನಾಲ್ಕಾದಾಗ ‘ಎಷ್ಟ್ ತಿಂತಿ, ದಪ್ಪ ಆಗಾಕತ್ತಿ’ ಎನ್ನಲಿದ್ದಾಳೆ.

ಇಷ್ಟು ಗದ್ದಲದಲ್ಲಿ ಯಾರೂ ‘ನೀನು ಊಟ ಮಾಡಿದೆಯಾ’ ಎಂದು ಕೇಳದ ಒಬ್ಬಳಿದ್ದಾಳೆ. ಎದೆಹಾಲೂಡಿಸುವ ತಾಯಿಗೆ ಮಾಮೂಲಿಗಿಂತ ಹೆಚ್ಚು ಊಟ ಬೇಕು. ಅದೇ ಸಮೀಕ್ಷೆಯಲ್ಲಿ ದೇಶದ ಹದಿನೈದರಿಂದ ನಲವತ್ತೊಂಬತ್ತು ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಕಂಡಿದೆ. ಅವರ ಹಿಂದೆ ಚಮಚ ಹಿಡಿದು ಓಡಿದವರ ಸುದ್ದಿ ಎಲ್ಲೂ ಬಂದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಕೂಸು ನಿದ್ದೆ ಹೋದಾಗ ಅವಳು ಸಿಂಕಿನ ಪಕ್ಕ ನಿಂತು, ಚೆಲ್ಲಲು ಮನಸ್ಸಾಗದೆ, ತಣ್ಣಗೆ ಗಟ್ಟಿಯಾದ ರಾಗಿ ಸರಿಯನ್ನು ಅದೇ ಪುಟ್ಟ ಚಮಚದಲ್ಲಿ ಕೆರೆದು ತಿಂದಳು. ಬಟ್ಟಲು ಸಿಂಕಿನೊಳಗೆ ಬಿತ್ತು.

ಸ್ವಲ್ಪ ಹೊತ್ತಿಗೆ ಅಡುಗೆಮನೆಗೆ ಬಂದ ಅಜ್ಜಿ ಖಾಲಿ ಬಟ್ಟಲು ನೋಡಿದರು. ಕುಟುಂಬದ ಗ್ರೂಪಿಗೆ ಫೋಟೋ ಹೋಯಿತು: ‘ಇವತ್ತು ಪೂರ್ತಿ ತಿಂದ್ಲು!’ ಹುಬ್ಬಳ್ಳಿಯಿಂದ ಕೂಡಲೇ ಉತ್ತರ: “ನಾ ಹೇಳಿದ್ನಲ್ಲ, ಇಂಗು ಹಚ್ರಿ ಅಂತ.” ಪುತ್ತೂರಿನವರು ತೆಳು ಮಾಡಿದ್ದರ ಫಲವೆಂದರು. ಅಜ್ಜಿ ಕರ್ಪೂರದ ಉಳಿದ ಡಬ್ಬಿಯನ್ನು ಜೋಪಾನವಾಗಿ ಎತ್ತಿಟ್ಟರು. ಅಪ್ಪ ಆಫೀಸಿನಿಂದಲೇ ಆ್ಯಪ್ ತೆರೆದು ಇಡೀ ಬಟ್ಟಲನ್ನು ಕೂಸಿನ ಲೆಕ್ಕಕ್ಕೆ ಬರೆದ, ಗ್ರಾಫ್ ಹಸಿರಾಯಿತು. ಬಟ್ಟೆ ಒಣಹಾಕಲು ಹೊರಟ ಸೊಸೆಯನ್ನು ಅಜ್ಜಿ ಕರೆದು ಹೇಳಿದರು:

“ನಾಳೆಯಿಂದ ಸ್ವಲ್ಪ ಜಾಸ್ತಿ ಮಾಡಮ್ಮ. ಪಾಪ, ಸಾಲ್ತಿಲ್ಲ ಅನ್ಸತ್ತೆ.”